ಒಹಿಯೇಸನ ಆಂಗ್ಲಭಾಷಾಭ್ಯಾಸ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಿನಿಸೋಟಾ ಸೀಮೆಯಲ್ಲಿ 1858ರಲ್ಲಿ ಡಕೋಟಾ ಜನಾಂಗದ ಬಾಲಕನೊಬ್ಬನು ಜನಿಸಿದನು. ಮುಂದೆ ಅವನಿಗೆ ಬಂದ ಹೆಸರು ಒಹಿಯೇಸ; ಗೆಲ್ಲುವವನೆಂದು ಅದರ ಅರ್ಥ. 1862ರಲ್ಲಿ ಆ ಜನಾಂಗಕ್ಕೂ ಬಿಳಿಯರಿಗೂ ಯುದ್ಧವಾಗಿ, ತಂದೆ ಸೆರೆಸಿಕ್ಕಿದನು. ಆತನು ಮಡಿದನೆಂದೇ ನಂಬಿ ಬಂಧುಗಳು ಶಿಶುವಿನೊಡನೆ ಕೆನಡಾಕ್ಕೆ ಓಡಿಹೋದರು. ಹುಡುಗನಿಗೆ ಹದಿನೈದು ವರ್ಷವಾಗುವ ವೇಳೆಗೆ, ಸತ್ತನೆಂದಿದ್ದ ತಂದೆಯು ಕ್ರೈಸ್ತನಾಗಿ, ಈಸ್ಟ್‌ಮನ್ ಎಂಬ ಹೆಸರು ಧರಿಸಿ, ಮಗನನ್ನು ಹುಡುಕಿಕೊಂಡು ಬಂದನು. ಕಾಡಿನ ಬೇಟೆಗಾರನು ಫ್ಲಾಂಡ್ರೋ ಎಂಬ ಊರಿನ ಶಾಲೆ ಸೇರಬೇಕಾಯಿತು.

ಮೊದಲ ದಿನ ಉಪಾಧ್ಯಾಯನ ಮಾತು ತಿಳಿಯಲಿಲ್ಲ, ಹುಡುಗರು ನಕ್ಕರು, ಒಹಿಯೇಸನು ಎದ್ದು ಹೊರಟುಬಿಟ್ಟನು. ಆದರೆ ಯೋಚಿಸಿ ನೋಡಿ, ಮರುದಿನ ತನ್ನ ನೀಳಕೂದಲನ್ನು ಕತ್ತರಿಸಿಕೊಂಡು ಹಿಂದಿರುಗಿದನು. ಆ ಜನರಲ್ಲಿ ಕೂದಲು ಕತ್ತರಿಸುವುದು ಸಾಮಾನ್ಯವಾದ ಸಂಗತಿಯಲ್ಲ. ರ್ಯಾಟ್, ಕ್ಯಾಟ್ ಮೊದಲಾದ ಮೂರಕ್ಷರದ ಪದಗಳೊಡನೆ ಒಂದು ವಾರವೆಲ್ಲ ಹೆಣಗಿದುದನ್ನು ಆತನೇ ಮುಂದೆ ವಿನೋದವಾಗಿ ಬರೆದಿದ್ದಾನೆ.

ಅನಂತರ ಸುಮಾರು 150 ಮೈಲಿ ದೂರದ ಸ್ಯಾಂಟೀ ಶಾಲೆಗೆ ಕಾಲ್ನಡೆಯಲ್ಲಿ ಹೊರಟನು. ಜೊತೆಗಾರನು ನಡುದಾರಿಯಲ್ಲೇ ಉಳಿದುಬಿಟ್ಟನು. ಈ ಶಾಲೆಯ ಕ್ರಮವು ಗಮನಿಸತಕ್ಕದ್ದು. ಅಲ್ಲಿನ ಮುಖ್ಯಸ್ಥನಾದ ಆಲ್ಫ್ರೆಡ್ ರಿಗ್ಸ್ ಪಾದ್ರಿಯು ಡಕೋಟಾ ಭಾಷೆಯನ್ನು ಬಲ್ಲವನು. 1852ರಲ್ಲಿ ಆ ಭಾಷೆಯ ವ್ಯಾಕರಣವನ್ನೂ ನಿಘಂಟನ್ನೂ ಪ್ರಕಟಿಸಿದವನು ಅವನ ತಂದೆಯೇ. ಅಲ್ಲಿ ಮಕ್ಕಳ ಮಾತು ಅಪರಾಧವೆನಿಸಿರಲಿಲ್ಲ. ಪಾಠಕ್ಕೆ ಅದೇ ಆಧಾರವಾಗಿದ್ದಿತು. ಈಸ್ಟ್‌ಮನ್ನನು ಎರಡು ವರ್ಷಗಳಲ್ಲಿ ತನ್ನ ಆಂಗ್ಲ ಪಾಠಗಳ ಪ್ರತಿಯೊಂದು ಶಬ್ದವನ್ನೂ ಡಕೋಟಾಕ್ಕೆ ತಿರುಗಿಸಬಲ್ಲವನಾದನು. ಅಷ್ಟೇ ಅಲ್ಲ, ಆವರೆಗೆ ಸ್ವಭಾಷೆಯಲ್ಲಿ ಅಚ್ಚಾಗಿದ್ದ ಸಮಸ್ತವನ್ನೂ ಓದಿ ಮುಗಿಸಿದನು. ಎರಡು ಭಾಷೆಗಳೂ ಒಂದನ್ನೊಂದು ಬೆಳಗಿಸಿದುವು. ಆದರೆ 1879ರಲ್ಲಿ ಸ್ಥಾಪಿತವಾದ ಕಾರ್ಲೈಲ್ ಶಾಲೆಯು ಸ್ವಭಾಷೆಯನ್ನು ನಿಷೇಧಿಸಿತು. 1887ರಲ್ಲಿ ಸರ್ಕಾರವೇ ಇಂಡಿಯನ್ ಶಾಲೆಗಳಲ್ಲಿ ದೇಶಭಾಷೆಯ ಬೋಧನೆ ಕೂಡದೆಂದು ಆಜ್ಞಾಪಿಸಿತು. ಇಂಗ್ಲೀಷನ್ನು ಕಲಿಸಬೇಕಾದರೆ ತಾಯಿನುಡಿಯನ್ನು ಮರೆಯಿಸಬೇಕೆಂದು ಅಧಿಕಾರಿಗಳು ತಿಳಿದರು. ಆ ವಾದವು ಎಷ್ಟು ಪೊಳ್ಳೆಂಬುದಕ್ಕೆ ಈಸ್ಟ್‌ಮನ್ನನೇ ಸಾಕ್ಷಿಯಾಗಿದ್ದನು. ಆತನು ಡಾರ್ಟ್‌ಮತ್ ಕಾಲೇಜಿನಲ್ಲಿ ಪದವಿ ಪಡೆದುದು ಅದೇ 1887ರಲ್ಲಿ.

ಆ ಪದವಿ ಸುಲಭವಾಗಿ ದೊರೆಯಲಿಲ್ಲ. ಬಿಲಾಯಿಟ್ ಕಾಲೇಜಿಗೆ ಹೊರಡುವ ಸಮಯದಲ್ಲಿಯೇ ತಂದೆಯ ಮರಣವಾರ್ತೆ ಬಂದಿತು. ಅಲ್ಲಿಗೆ ತಲಪಿದ್ದು 1876ರ ಸೆಪ್ಟೆಂಬರಿನಲ್ಲಿ; ಕಸ್ಟರನ ಸೈನ್ಯವನ್ನು ಆತನ ಜನಾಂಗದವರು ನಿರ್ಮೂಲ ಮಾಡಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಊರಿನ ಪುಂಡ ಹುಡುಗರು ರಣಕೇಕೆಯನ್ನು ಅನುಕರಿಸುತ್ತ ಬೀದಿಯಲ್ಲಿ ಬೆನ್ನಟ್ಟುತ್ತಿದ್ದರು. ಆತನು ಊರು ಬಿಡಲಿಲ್ಲ. ಮೂರು ವರ್ಷ ಅಲ್ಲಿಯೇ ಓದಿದನು. ಡಾರ್ಟ್‌ಮತ್ತಿನ ವಿಚಾರದಲ್ಲಿ ಒಂದು ವಿಡಂಬನೆಯುಂಟು: ಇಂಡಿಯನ್ ಯುವಕರ ಶಿಕ್ಷಣಕ್ಕಾಗಿಯೆಂದು 1769ರ ಸನ್ನದಿನಲ್ಲಿ ಬರೆಸಿಕೊಂಡ ಆ ಕಾಲೇಜಿನಲ್ಲಿ, ನೂರಕ್ಕೂ ಮೇಲ್ಪಟ್ಟು ವರ್ಷ ಕಳೆದರೂ ಅಂಥ ಪದವೀಧರರು ಬೆರಳೆಣಿಕೆಗೆ ಮೀರಿರಲಿಲ್ಲ.

1890ರಲ್ಲಿ ಬಾಸ್ಟನ್ನಿನ ವೈದ್ಯಪದವಿಯೊಡನೆ ಪೈನ್ ರಿಡ್ಜಿಗೆ ಸರ್ಕಾರಿ ವೈದ್ಯನಾಗಿ ಹೋದನು. ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸೈನಿಕರು ಡಕೋಟಾ ಬಂಧುಕುಲದ ಸ್ತ್ರೀಬಾಲರನ್ನೂ ಬಿಡದೆ ಕೊಂದರು. ಗಾಯಾಳುಗಳನ್ನು ಇಗರ್ಜಿಯಲ್ಲಿ ಮಲಗಿಸಿ ಶುಶ್ರೂಷೆ ಮಾಡಿದವರಲ್ಲಿ ಈಸ್ಟ್‌ಮನ್ನನೂ ಒಬ್ಬನು. ಮೂರು ದಿನಗಳ ಬಳಿಕ ಹಿಮದಲ್ಲಿ ಬದುಕುಳಿದವರನ್ನು ಹುಡುಕಲು ಹೋದನು. ಕಂಡುದನ್ನು 1916ರ ಆತ್ಮಕಥೆಯಲ್ಲಿ ಆಂಗ್ಲಭಾಷೆಯಲ್ಲಿಯೇ, ಆ ಸೈನಿಕರ ಜನವೇ ಓದಿ ತಿಳಿಯುವಂತೆ ಬರೆದನು. ಬರವಣಿಗೆಯನ್ನು ತಿದ್ದುವುದರಲ್ಲಿ ಪತ್ನಿ ಎಲೇನಳ ನೆರವು ದೊಡ್ಡದಾಗಿತ್ತು. 1921ರಲ್ಲಿ ದಂಪತಿಗಳು ಬೇರೆಯಾದ ಬಳಿಕ ಆತನ ಹೊಸ ಪುಸ್ತಕವೊಂದೂ ಹೊರಡಲಿಲ್ಲ. 1939ರಲ್ಲಿ ಆತನು ತೀರಿಕೊಂಡನು. ಆತನ ಗ್ರಂಥಗಳ ಮುಖಪುಟದಲ್ಲಿ ಚಾರ್ಲ್ಸ್ ಈಸ್ಟ್‌ಮನ್ ಎಂಬ ಹೆಸರಿನ ಪಕ್ಕದಲ್ಲಿ ಒಹಿಯೇಸ ಎಂಬುದೂ ಅಚ್ಚಾಗಿದೆ.