ಮಂಗಳೂರಿನ ಕಲ್ಲಚ್ಚು

ಜರ್ಮನಿಯ ಹೆರ್ಮನ್ ಮೋಗ್ಲಿಂಗರು ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಮಂಗಳೂರಿಗೆ ಬಂದುದು 1836ರಲ್ಲಿ; ಆಗ ಅವರಿಗೆ 25 ವರ್ಷ. ಮತಪ್ರಚಾರವೇ ಅವರ ಉದ್ದೇಶವಾಗಿದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ಪರದೇಶದಲ್ಲಿ ನಾಲಗೆ ತಿರುಗದೆ ಬೋಧನೆಯೆಲ್ಲಿಯದು? ಆದುದರಿಂದ ಕನ್ನಡವನ್ನು ಕಲಿತರು. ಬಾಲಕರ ಪಾಠಶಾಲೆಯನ್ನು ನಡೆಸಿ, ವಿದ್ಯಾರ್ಥಿಗಳೊಡನೆ ಒಂದೇ ಮನೆಯವರಂತೆ ಬಾಳಿದರು.

1841ರಲ್ಲಿ ಅಲ್ಲಿ ಕಲ್ಲಚ್ಚು ಮೊದಲಾಯಿತು. ಲಿಪಿಕಾರನು ಜಿಡ್ಡುಮಸಿಯಿಂದ ಬರೆದುದನ್ನು ಕಲ್ಲಿಗಿಳಿಸಿ, ಕಲ್ಲನ್ನು ನೀರಿನಿಂದ ನನೆಯಿಸಿ, ಮಸಿಯ ಉರುಳೆಯನ್ನು ಹಾಯಿಸಿದರೆ ಅಕ್ಷರಗಳಿಗೆ ಮಾತ್ರ ಮಸಿ ಹಿಡಿಯುವುದು. ಒಂದಕ್ಷರ ತಪ್ಪಿದರೆ ಆ ತಪ್ಪು ಪ್ರತಿಯೊಂದು ಹಾಳೆಗೂ ತಪ್ಪದು! ಹೀಗೆಯೇ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ಹೊರಬಿದ್ದಿತು. ಪಕ್ಷಕ್ಕೊಮ್ಮೆ ನಾಲ್ಕು ಪುಟ. ಬೆಲೆ ಒಂದು ದುಡ್ಡು.

ನಮಗೆ ಹೆಚ್ಚಿನದು ಮುಂದಿನ ಮಾತು. ನಿವೃತ್ತ ನ್ಯಾಯಾಧೀಶ ಕಾಸಾಮೇಜರರ ಧನಸಹಾಯದಿಂದ 1848ರಲ್ಲಿ ಮೊದಲಾದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಭೀಮಕವಿಯ ಬಸವಪುರಾಣವೂ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವೂ ಅಚ್ಚಾದುವು. ಓಲೆಯ ಕಟ್ಟಿಗೆ ವಿಭೂತಿ ಪತ್ರೆಗಳನ್ನೇರಿಸಿ ಪೂಜಿಸಿದವರು ನಾವು. ಬಿಡಿಸಿ ಅಚ್ಚಿಗೆ ಹಾಕಿಸಿದವರು ಅವರು. ಖಂಡಿಸಲೆಂದೇ ಓದಿರಬಹುದು, ಓದಿದುದಂತೂ ನಿಜ. ಈ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.