ಕೈಕೊಡು

ಕೈಕೊಡು (ಕ್ರಿಯಾಪದ): ನಂಬಿಸಿ, ಬೇಕಾದ ಹೊತ್ತಿಗೆ ಒದಗದೆ ಹೋಗು.

‘ಕೈ’, ‘ಕೊಡು’ ಎರಡೂ ಅಚ್ಚ ಕನ್ನಡ. ಕೈಜೋಡಿಸಿದರೆ ನೆರವು, ಕೈಹಿಡಿದರೆ ಮದುವೆ. ಕೈಕೊಡುವುದು ಮಾತ್ರ ಈಗಿನ ಆಡುಮಾತಿನಲ್ಲಿ ಇವಕ್ಕೆ ತದ್ವಿರುದ್ಧ.

ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಂಥ ಕಡೆ ಈ ಪದಕ್ಕೆ ಪುರುಸೊತ್ತಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಮಳೆ ಕೈಕೊಡುತ್ತದೆ, ಕೊಳವೆಬಾವಿ ಕೈಕೊಡುತ್ತದೆ. ಟೊಮೆಟೊ ಬಾಕ್ಸುಗಳು ಮಂಡಿಗೆ ಬಂದಿಳಿದ ದಿನವೇ ರೇಟು ಕೈಕೊಡುತ್ತದೆ. ಚೀಟಿ ಎತ್ತಿದ ನೆಂಟ ಉಳಿದ ಕಂತು ಕಟ್ಟದೆ ಫೋನ್ ಆಫ್ ಮಾಡಿಕೊಂಡರೆ ಬರುವ ಮಾತೂ ಇದೇ: ‘ನಮ್ಮೋನು ಅಂತ ಜಾಮೀನು ನಿಂತೆ, ಕೈಕೊಟ್ಬಿಟ್ಟ.’ ಅಲ್ಲಿ ಮನೆಮಾತೇ ಆಗಿರುವ ತೆಲುಗಿನ ‘ಚೆಯ್ಯಿಚ್ಚಾಡು’ ಕೂಡ ಇದೇ ಅರ್ಥದ್ದು.

‘ನನಗೆ ಕೈಕೊಟ್ಟ’ ಎಂಬಲ್ಲಿ ಚತುರ್ಥಿ. ‘ನನ್ನನ್ನು ಕೈಬಿಟ್ಟ’ ಎಂಬಲ್ಲಿ ದ್ವಿತೀಯೆ. ಅರ್ಥವೂ ಬೇರೆ. ಕೈಬಿಡುವವನು ಹೇಳಿಯೇ ದೂರ ಸರಿಯಬಹುದು. ಕೈಕೊಡುವವನು ಕೊನೇ ಗಳಿಗೆಯವರೆಗೂ ಜೊತೆಗಿರುವಂತೆ ಕಾಣಬೇಕು.

‘ದ್ರೋಹ’ ಸಂಸ್ಕೃತದ ‘ದ್ರುಹ್’ ಧಾತುವಿನದು. ಅದಕ್ಕೆ ಕೇಡು ಬಗೆಯುವ ಮನಸ್ಸು ಬೇಕು. ಮಳೆ ದ್ರೋಹ ಮಾಡುವುದಿಲ್ಲ, ಕೈಕೊಡುತ್ತದೆ ಅಷ್ಟೆ. ಮನುಷ್ಯ ಎರಡನ್ನೂ ಮಾಡಬಲ್ಲ. ಹಾಗಾಗಿ ಗೆಳೆಯನನ್ನು ‘ಕೈಕೊಟ್ಟ’ ಎಂದು ಬೈಯುವಾತ ಅವನು ಬೇಕಂತಲೇ ಮಾಡಿದನೆಂಬ ತೀರ್ಪು ಇನ್ನೂ ಕೊಟ್ಟಿಲ್ಲ. ‘ದ್ರೋಹಿ’ ಎಂದ ಮೇಲೆ ರಾಜಿ ಪಂಚಾಯಿತಿ ಕಷ್ಟ.