ಕೊಂಡವರು ಕೇಳಿದ ಪ್ರಶ್ನೆ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಅದನ್ನು ತಯಾರಿಸಿದವರ ಹಿಡಿತ ಎಷ್ಟು ಕಾಲ ಇರಬಹುದು? ಅಮೆರಿಕದ ಆಪಲ್ ಕಂಪನಿಯ ಐಫೋನ್ ಬಳಸುತ್ತಿದ್ದವರಿಗೆ 2017ರಲ್ಲಿ ಈ ಪ್ರಶ್ನೆ ಎದುರಾಯಿತು.

ಹಳೆಯದಾದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಒದಗಿಸಲಾರದು. ಇದರಿಂದ ಕೆಲವು ಐಫೋನುಗಳು ಇದ್ದಕ್ಕಿದ್ದಂತೆ ಆರಿಹೋಗುತ್ತಿದ್ದವು. ಇದನ್ನು ತಡೆಯಲು ಕಂಪನಿ ಆ ವರ್ಷದ ಜನವರಿಯಲ್ಲಿ ಹೊಸ ತಂತ್ರಾಂಶವನ್ನು ಕಳುಹಿಸಿತು. ಬ್ಯಾಟರಿ ದುರ್ಬಲವಾಗಿದ್ದರೆ ಅದು ಫೋನಿನ ವೇಗವನ್ನು ತಗ್ಗಿಸುತ್ತಿತ್ತು. ಆದರೆ ಈ ಸಂಗತಿಯನ್ನು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ.

ಡಿಸೆಂಬರಿನಲ್ಲಿ ಬಳಕೆದಾರರೊಬ್ಬರು ಬ್ಯಾಟರಿ ಬದಲಿಸಿದಾಗ ಹಳೆಯ ಫೋನ್ ಮತ್ತೆ ಚುರುಕಾಯಿತು. ಜಾನ್ ಪೂಲ್ ಎಂಬ ತಂತ್ರಜ್ಞರು ವೇಗದ ಅಳತೆಗಳನ್ನು ಪ್ರಕಟಿಸಿದರು. ಗುಟ್ಟು ರಟ್ಟಾಯಿತು. ಫೋನೇ ಕೆಟ್ಟಿತೆಂದು ತಿಳಿದು ಹೊಸದನ್ನು ಕೊಂಡೆವೆಂದು ಹಲವರು ದೂರಿದರು.

ಕಂಪನಿ ಕ್ಷಮೆ ಕೋರಿತು. ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. 2018ರಲ್ಲಿ ಬ್ಯಾಟರಿಯ ಸ್ಥಿತಿಯನ್ನು ಫೋನಿನಲ್ಲೇ ನೋಡುವ ಸೌಲಭ್ಯ ಬಂತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ವಿಧಿಸಿತು. ಅದೇ ವರ್ಷ ಅಮೆರಿಕದ ಹಲವು ರಾಜ್ಯಗಳೊಡನೆ ರಾಜಿಯಾಗಿ, ತಪ್ಪನ್ನು ಒಪ್ಪಿಕೊಳ್ಳದೆಯೇ, ಕಂಪನಿ 11.3 ಕೋಟಿ ಡಾಲರ್ ತೆರಲು ಒಪ್ಪಿತು.

ಫೋನ್ ಆರದಂತೆ ಮಾಡಿದ ಉಪಾಯಕ್ಕೆ ಕಾರಣವಿತ್ತು. ಆದರೆ ಹೇಳದೆ ಮಾಡಿದ್ದರಿಂದ ಕೊಂಡವರ ಆಯ್ಕೆ ಅವರ ಕೈತಪ್ಪಿತು. ಬ್ಯಾಟರಿಯನ್ನು ಬದಲಿಸಬೇಕೋ, ಫೋನನ್ನೇ ಬದಲಿಸಬೇಕೋ ಎಂಬ ತೀರ್ಮಾನ ಅವರದಾಗಬೇಕಿತ್ತು. ನಿಜಸ್ಥಿತಿ ತಿಳಿಯದವರು ತೀರ್ಮಾನಿಸುವುದಾದರೂ ಹೇಗೆ?